ವಿಚಿತ್ರ ಪ್ರೊಡ್ಯೂಸರ್ ಬೇಕಾಗಿದ್ದಾರೆ

ಹಳೇ ರಾಕ್ ಬ್ಯಾಂಡ್ ಹೊಸ ಆಲ್ಬಮ್‌ಗೆ ಬೇರೆ ಥರದ ಪ್ರೊಡ್ಯೂಸರ್‌ನ ಕರೆಸಬೇಕೋ ಬೇಡವೋ? ಅಭಿಮಾನಿಗಳ ಈ ಜಗಳ ಮುಗಿಯುವುದೇ ಇಲ್ಲ. (ಇಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರಲ್ಲ, ರೆಕಾರ್ಡಿಂಗ್‌ನಲ್ಲಿ ಹಾಡು ಹೇಗೆ ಕೇಳಿಸಬೇಕು ಅಂತ ನೋಡಿಕೊಳ್ಳುವವರು.) ನನ್ನನ್ನು ಕೇಳಿದರೆ ಧಾರಾಳವಾಗಿ ಕರೆಸಲಿ. ಪದ್ಧತಿಯೇ ಹಾಗಿದೆ. ಬ್ಯಾಂಡಿಗೆ ವಯಸ್ಸಾದಷ್ಟೂ ಪ್ರೊಡ್ಯೂಸರ್ ವಿಚಿತ್ರವಾಗಿರಬೇಕು.

ಅರ್ಹತೆ? ಜಾಸ್ತಿ ಏನೂ ಬೇಡ. ವಾದ್ಯ ನುಡಿಸುವುದು ಅಷ್ಟಕ್ಕಷ್ಟೇ, ಸ್ಟುಡಿಯೋದಲ್ಲಿ ಶಬ್ದ ಹೊಂದಿಸುವ ಸೌಂಡ್‌ಬೋರ್ಡ್ ಅಂತೂ ಬರುವುದೇ ಇಲ್ಲ ಅಂತ ಅಮೆರಿಕದ ಹೆಸರಾಂತ ಪ್ರೊಡ್ಯೂಸರ್ ರಿಕ್ ರೂಬಿನ್ 2023ರಲ್ಲಿ ಟೀವಿಯಲ್ಲಿ ತಾವೇ ಹೇಳಿದರು. ದುಡ್ಡು ಬರುವುದು ತಮ್ಮ ಅಭಿರುಚಿಯ ಮೇಲಿರುವ ಭರವಸೆಗಂತೆ. (1994ರಲ್ಲಿ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್‌ರನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಇವರೇ. ಹಾಗಾಗಿ ನಗುವ ಹಾಗೂ ಇಲ್ಲ.) ಇನ್ನೊಬ್ಬ ಪ್ರೊಡ್ಯೂಸರ್, ಬ್ರಿಟನ್ನಿನ ಬ್ರಯಾನ್ ಈನೋ ಹತ್ತಿರ 1975ರಿಂದ ಸಲಹೆಗಳನ್ನು ಬರೆದ ಒಂದು ಕಟ್ಟು ಕಾರ್ಡ್ ಇದೆ. ಕೆಲಸ ಮುಂದೆ ಹೋಗದಿದ್ದರೆ ಒಂದು ಎಳೆಯಬೇಕು. ತಪ್ಪನ್ನು ಒಳಗಿದ್ದ ಉದ್ದೇಶ ಅಂತಲೇ ಗೌರವಿಸಿ ಎನ್ನುವ ಕಾರ್ಡೂ ಅದರಲ್ಲಿದೆ. ನಲವತ್ತು ವರ್ಷ ಅದೇ ಮೂರು ಸ್ವರಗುಚ್ಛ ಬಾರಿಸಿದ ಗಿಟಾರಿಸ್ಟ್‌ಗೆ ಇದಕ್ಕಿಂತ ಸಮಾಧಾನ ಬೇಕಾ?

ದೊಡ್ಡ ಲಾಭ ಬೇರೆಯೇ ಇದೆ. ಆಲ್ಬಮ್ ಕೆಟ್ಟರೆ ಬೈಯಲು ಹೊರಗಿನವರೊಬ್ಬರು ಸಿಗುತ್ತಾರೆ. 2003ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಸೇಂಟ್ ಆಂಗರ್’ ಬಂತು. ಸ್ನೇರ್ ಡ್ರಮ್ ಡಬ್ಬ ಬಡಿದ ಹಾಗೆ ಕೇಳಿಸಿತು. ಡ್ರಮ್ಮಿನ ಅಡಿಯ ತಂತಿ ಬಿಗಿಸದೆ ಬಾರಿಸಿದ್ದು ಡ್ರಮ್ಮರ್ ಲಾರ್ಸ್ ಉಲ್ರಿಕ್. ಅದು ಅವರಿಗೆ ಇಷ್ಟವೂ ಆಗಿತ್ತು. ಅಭಿಮಾನಿಗಳು ಸಹಿ ಸಂಗ್ರಹಿಸಿದ್ದು ಮಾತ್ರ ಪ್ರೊಡ್ಯೂಸರ್ ಬಾಬ್ ರಾಕ್‌ರನ್ನು ತೆಗೆಯಿರಿ ಅಂತ! ಪಾಪ, ಆ ಆಲ್ಬಮ್‌ನಲ್ಲಿ ಬೇಸ್ ನುಡಿಸಿದ್ದೂ ಅವರೇ. ಸರಿ, ರೂಬಿನ್ ಬಂದರು. 2008ರ ‘ಡೆತ್ ಮ್ಯಾಗ್ನೆಟಿಕ್’ ಶಬ್ದ ಎಷ್ಟು ಜೋರಿತ್ತೆಂದರೆ ಹಾಡೆಲ್ಲ ಒಡೆದು ಕೇಳಿಸಿತು. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮ್‌ನಲ್ಲಿ ಚೆನ್ನಾಗಿವೆ ಅಂತ ಅಭಿಮಾನಿಗಳೇ ಪತ್ತೆ ಮಾಡಿದರು. ಮತ್ತೆ ಸಹಿ ಸಂಗ್ರಹ.

1984ರಲ್ಲಿ ಐರ್ಲೆಂಡಿನ ರಾಕ್ ಬ್ಯಾಂಡ್ ಯು2 ಈನೋ ಬೇಕು ಅಂದಾಗ ಹೆದರಿದ್ದು ರೆಕಾರ್ಡ್ ಕಂಪನಿ. ಹುಡುಗರಿಗೆ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸು, ಕಳೆದುಕೊಳ್ಳಲು ಬೇಕಾದಷ್ಟಿತ್ತು. ಈಗ ಯಾರೂ ಹೆದರುವುದಿಲ್ಲ. ಹೊಸ ಆಲ್ಬಮ್ ಏನೇ ಆಗಲಿ, ಟೂರ್‌ನಲ್ಲಿ ಹಾಡುವುದು ಹಳೇ ಹಾಡುಗಳನ್ನೇ ತಾನೇ? ಮಧ್ಯೆ ಎರಡು ಹೊಸ ಹಾಡು ಸುಮ್ನೆ ಬರುತ್ತವೆ, ಜನ ಬಾತ್‌ರೂಮಿಗೆ ಹೋಗಿಬರಲಿ ಅಂತ.

ಅದಕ್ಕೆ ಒಂದೇ ಷರತ್ತು ಇಡೋಣ. ಟೂರ್‌ನ ಹಾಡುಗಳ ಪಟ್ಟಿಯನ್ನೂ ಆ ವಿಚಿತ್ರ ಪ್ರೊಡ್ಯೂಸರೇ ಬರೆಯಲಿ. ಹಳೇ ಹಾಡು ಒಂದೂ ಇರಬಾರದು. ಇದಕ್ಕೆ ಸಹಿ ಹಾಕುವ ಮ್ಯಾನೇಜರ್ ಸಿಕ್ಕರೆ, ಪ್ರೊಡ್ಯೂಸರ್ ಯಾರು ಅಂತ ಆಮೇಲೆ ನೋಡೋಣ.