ಕೊಯಮತ್ತೂರಿನ ಬಾವಿ, ಮಂಡ್ಯದ ನಾಲೆ

ಮಂಡ್ಯ ಸೀಮೆಯವನು ನಾನು, ಈಗ ಇರುವುದು ಕೊಯಮತ್ತೂರಿನಲ್ಲಿ. ಊರಿಗೆ ಹೋದಾಗಲೆಲ್ಲ ನೆಂಟರಿಷ್ಟರು ಒಂದೇ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಕಾವೇರಿ ಇದ್ದಾಳೆ, ಕಟ್ಟೆ ಇದೆ, ನಾಲೆ ಇದೆ, ಕರೆಂಟ್ ಅಂತೂ ಅವರಿಗಿಂತ ಎಷ್ಟೋ ವರ್ಷ ಮೊದಲೇ ಬಂತು. ಆದರೂ ನಮ್ಮ ತೋಟದ ಪಂಪ್‌ಸೆಟ್ ಮೇಲೆ ಕೊಯಮತ್ತೂರು ಅಂತ ಬರೆದಿರುತ್ತದೆ, ಮಂಡ್ಯ ಅಂತ ಇರುವುದಿಲ್ಲ, ಯಾಕೆ? ಅವರು ಚುರುಕು, ನಾವು ಸೋಮಾರಿಗಳು ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಇದಕ್ಕೆ ಉತ್ತರ ಜನರ ಗುಣದಲ್ಲಿಲ್ಲ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷದಲ್ಲಿ ಇಲ್ಲಿ ಏನು ನಡೆಯಿತು, ನಮ್ಮಲ್ಲಿ ಏನು ನಡೆಯಿತು ಅಂತ ನೋಡಿದರೆ ಗೊತ್ತಾಗುತ್ತದೆ.

ಮೊದಲು ನೀರಿನ ಮಾತು. ಕೊಯಮತ್ತೂರಿನಿಂದ ನೋಡಿದರೆ ಪಶ್ಚಿಮ ಘಟ್ಟ ಕಣ್ಣೆದುರೇ ನಿಂತಿದೆ, ಆದರೆ ಮುಂಗಾರು ಮಳೆಯೆಲ್ಲ ಆಚೆ ಕಡೆಯೇ ಸುರಿದುಬಿಡುತ್ತದೆ. ಪಾಲಕ್ಕಾಡ್ ಕಣಿವೆಯಿಂದ ಗಾಳಿ ನುಗ್ಗುತ್ತದೆ, ಮೋಡ ನಿಲ್ಲುವುದಿಲ್ಲ. ನೊಯ್ಯಲ್ ನದಿಯನ್ನು ನಂಬಿ ವರ್ಷಪೂರ್ತಿ ಬೇಸಾಯ ಮಾಡುವ ಹಾಗಿಲ್ಲ. ಹಾಗಾಗಿ ಇಲ್ಲಿನ ರೈತ ಬಾವಿ ತೋಡಿದ. ಮಣ್ಣು ಮುಗಿದು ಬಂಡೆ ಸಿಕ್ಕರೆ ಬಂಡೆಯನ್ನೂ ಒಡೆದ. ಆ ಬಾವಿಯಿಂದ ನೀರೆತ್ತುತ್ತಿದ್ದದ್ದು ಕಪಿಲೆಯಲ್ಲಿ. ನಮ್ಮ ಕಡೆ ಹಳಬರಿಗೆ ಕಪಿಲೆ ಗೊತ್ತು, ಈಗಿನವರಿಗೆ ಹೇಳಬೇಕು. ಬಾವಿಯ ದಡದಲ್ಲಿ ಎರಡು ಕಂಬ, ನಡುವೆ ರಾಟೆ. ಹಗ್ಗದ ಒಂದು ತುದಿಗೆ ದೊಡ್ಡ ತೊಗಲಿನ ಚೀಲ, ಇನ್ನೊಂದು ತುದಿಗೆ ಜೋಡೆತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಚೀಲ ತುಂಬಿಕೊಂಡು ಮೇಲೆ ಬರುತ್ತದೆ, ಅದರ ಬಾಲದಂಥ ತುದಿ ಬಿಚ್ಚಿಕೊಂಡು ನೀರು ತೊಟ್ಟಿಗೆ ಬೀಳುತ್ತದೆ. ಎತ್ತು ಹಿಮ್ಮೆಟ್ಟಿದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಹೊಡೆಯುವವನು ಹಗ್ಗದ ಮೇಲೆಯೇ ಕೂತು ತನ್ನ ಭಾರವನ್ನೂ ಎತ್ತುಗಳಿಗೆ ಜೊತೆ ಮಾಡುತ್ತಾನೆ. ನಸುಕಿನಲ್ಲೇ ಶುರುಮಾಡಿ ಬಿಸಿಲೇರುವವರೆಗೆ ಇದೇ ಕೆಲಸ, ಮತ್ತೆ ಸಂಜೆ. ಇಷ್ಟು ಮಾಡಿದರೂ ನೆನೆಯುವುದು ಒಂದು ತುಂಡು ಹೊಲ.

ಇಷ್ಟು ಕಷ್ಟಪಟ್ಟು ಎತ್ತಿದ ನೀರಿಗೆ ಬೆಲೆ ತಂದುಕೊಟ್ಟದ್ದು ಹತ್ತಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಾಂಬೋಡಿಯಾ ಹತ್ತಿ ಅನ್ನುವ ತಳಿ ಇಲ್ಲಿಗೆ ಬಂತು. ಎಳೆ ಉದ್ದ, ಇಳುವರಿ ಜಾಸ್ತಿ, ಮಿಲ್ಲಿನವರು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಿದ್ದರು, ಆದರೆ ಅದಕ್ಕೆ ನೀರು ಬೇಕು. ಬಾವಿ ಇದ್ದವನ ಕೈಯಲ್ಲಿ ದುಡ್ಡು ಓಡಾಡತೊಡಗಿತು. ತಿರುಪ್ಪೂರಿನಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳು ಎದ್ದವು. ಗೌಂಡರ್, ನಾಯ್ಡು ಮನೆತನಗಳು ಹತ್ತಿ ಬೆಳೆಯುತ್ತಲೇ ಹತ್ತಿ ವ್ಯಾಪಾರಕ್ಕೂ ಇಳಿದವು. ಮೊದಲ ನೂಲಿನ ಗಿರಣಿಯನ್ನು 1888ರಲ್ಲಿ ಕಟ್ಟಿದ್ದು ಸ್ಟೇನ್ಸ್ ಎಂಬ ಇಂಗ್ಲಿಷಿನವರು, ನಿಜ. ಆದರೆ 1910ರಲ್ಲಿ ಜಿ. ಕುಪ್ಪುಸ್ವಾಮಿ ನಾಯ್ಡು ಲಕ್ಷ್ಮಿ ಮಿಲ್ಸ್ ಶುರುಮಾಡಿದ ಮೇಲೆ, ಇದು ನಮ್ಮಂಥವರೂ ಮಾಡಬಹುದಾದ ಕೆಲಸ ಅಂತ ಊರಿಗೆ ಧೈರ್ಯ ಬಂತು.

ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನ ಏನು ಮಾಡುತ್ತಿತ್ತು? ಬಹಳ ದೊಡ್ಡ ಕೆಲಸ ಮಾಡುತ್ತಿತ್ತು, ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಸೋಪಿನ ಕಾರ್ಖಾನೆ ಬಂತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿಯಿತು. ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ನಾಲೆ ತೆರೆದು ಮಂಡ್ಯ ಹಸಿರಾಯಿತು, 1934ರ ಹೊತ್ತಿಗೆ ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿತು. ಹೆಸರು ಹೇಳುತ್ತ ಹೋದರೆ ಕಾಗದದ ಕಾರ್ಖಾನೆ, ಲ್ಯಾಂಪ್, ಪಿಂಗಾಣಿ, ಇನ್ನೂ ಇವೆ. ಎಲ್ಲವೂ ಬೆಂಗಳೂರು, ಮೈಸೂರಿನ ಕಚೇರಿಗಳಲ್ಲಿ ಯೋಚನೆಯಾಗಿ, ಸರ್ಕಾರದ ದುಡ್ಡಿನಲ್ಲಿ ಅಥವಾ ಸರ್ಕಾರದ ಆಸರೆಯಲ್ಲಿ ಎದ್ದಂಥವು. ನಮ್ಮ ರೈತನ ಪಾಲಿಗೆ ಕಾರ್ಖಾನೆ ಅಂದರೆ ಸರ್ಕಾರ ಕಟ್ಟಿಕೊಡುವ ವಸ್ತು. ಅವನು ಕಬ್ಬು ಹಾಕುತ್ತಾನೆ, ತೂಕದ ಚೀಟಿ ಇಸಿದುಕೊಂಡು ಬಟವಾಡೆಗೆ ಕಾಯುತ್ತಾನೆ. ಮಂಡ್ಯದ ಕಾರ್ಖಾನೆಯಲ್ಲಿ ಸಾವಿರಾರು ರೈತರು ಷೇರುದಾರರೂ ಹೌದು, ಆದರೆ ಚುಕ್ಕಾಣಿ ಸರ್ಕಾರದ ಕೈಯಲ್ಲೇ ಉಳಿಯಿತು.

ಎರಡೂ ಕಡೆ ಕೆಲಸ ಮಾಡಿದ ಒಬ್ಬರಿದ್ದಾರೆ, ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್. ಮದ್ರಾಸ್ ಪ್ರಾಂತ್ಯದಲ್ಲಿ ಬಾವಿಗಳಿಗೆ ಎಣ್ಣೆ ಎಂಜಿನ್ ಪಂಪ್ ಹಾಕಿಸಬೇಕು ಅಂತ ಓಡಾಡಿದವರು ಇವರೇ. ಆಮೇಲೆ 1912ರಲ್ಲಿ ಮೈಸೂರಿಗೆ ಬಂದು ಕೈಗಾರಿಕಾ ಇಲಾಖೆ ನೋಡಿಕೊಂಡರು, ಗಂಧದೆಣ್ಣೆಯ ಕೆಲಸದಲ್ಲಿ ಕೈಜೋಡಿಸಿದರು. ಮನುಷ್ಯ ಒಬ್ಬರೇ, ಮದ್ರಾಸಿನಲ್ಲಿ ರೈತನ ಬಾವಿಗೆ ಪಂಪು, ನಮ್ಮಲ್ಲಿ ಸಂಸ್ಥಾನಕ್ಕೆ ಕಾರ್ಖಾನೆ. ಪಂಪು ಬಂದ ಊರಿನಲ್ಲಿ ಅದು ಕೆಡುತ್ತಲೂ ಇತ್ತು ಅಲ್ವಾ? ಬೆಳೆ ಒಣಗುತ್ತಿರುವಾಗ ವಿಲಾಯತಿಯಿಂದ ಬಿಡಿಭಾಗ ಬರುವ ತನಕ ಯಾರು ಕಾಯುತ್ತಾರೆ? ಊರಿನ ಕಮ್ಮಾರ ನೋಡಿದ, ಅಳತೆ ತೆಗೆದ, ಮರಳಿನ ಅಚ್ಚು ಮಾಡಿ ಕಬ್ಬಿಣ ಕರಗಿಸಿ ಎರಕ ಹೊಯ್ದ. ಮೊದಲು ಒಡೆದ ಭಾಗಕ್ಕೆ ಬದಲಿ ಭಾಗ, ಆಮೇಲೆ ಇಡೀ ಪಂಪು. 1920ರ ದಶಕದಲ್ಲೇ ದಂಡಾಯುಧಪಾಣಿ ಫೌಂಡ್ರಿಯಂಥವು ಇಲ್ಲಿ ಪಂಪಿನ ಕೆಲಸಕ್ಕೆ ಕೈಹಾಕಿದ್ದವು.

ಆಮೇಲೆ ಬಂದದ್ದು 1929ರ ಮಹಾ ಕುಸಿತ. ಹತ್ತಿ ಬೆಲೆ ನೆಲಕ್ಕೆ ಬಿತ್ತು. ಹಳ್ಳಿಯಲ್ಲಿ ಸಾಲ ಕೊಟ್ಟವರಿಗೆ ಅಸಲೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ದುಡ್ಡಿದ್ದವನು ಅದನ್ನು ಮತ್ತೆ ಭೂಮಿಗೆ ಹಾಕಲು ಹೆದರುತ್ತಾನೆ. ಆದರೆ ನೂಲಿನ ಗಿರಣಿಗೆ ಅದೇ ಒಳ್ಳೆಯ ಕಾಲವಾಯಿತು, ಯಾಕೆಂದರೆ ಹತ್ತಿ ಅಗ್ಗ, ಕೂಲಿ ಅಗ್ಗ, ಹೊರಗಿನಿಂದ ಬರುವ ಬಟ್ಟೆ ಮೇಲೆ ಸುಂಕ ಏರಿತ್ತು, ಜೊತೆಗೆ ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರದಿಂದ 1932–33ರ ಹೊತ್ತಿಗೆ ಕರೆಂಟ್ ಇಳಿದು ಬಂತು. ಬೆಂಗಳೂರಿಗಿಂತ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ತಡವಾಗಿ! ಆದರೆ ಬಂದ ಕರೆಂಟಿಗೆ ಇಲ್ಲಿ ಕೆಲಸ ಕಾಯುತ್ತಾ ಇತ್ತು. ಅವಿನಾಶಿ ರಸ್ತೆ, ಪೀಳಮೇಡು, ಸಿಂಗಾನಲ್ಲೂರು ಕಡೆಯೆಲ್ಲ ಒಂದರ ಪಕ್ಕ ಒಂದು ಗಿರಣಿ ಎದ್ದವು. ಗಿರಣಿ ತಿರುಗಿದಂತೆ ಅದರ ರಿಪೇರಿಗೆ ವರ್ಕ್‌ಶಾಪ್, ವರ್ಕ್‌ಶಾಪಿಗೆ ಫೌಂಡ್ರಿ, ಬಾವಿಗೆ ಮೋಟಾರು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ ಇಲ್ಲೇ ವಿದ್ಯುತ್ ಮೋಟಾರ್ ಮಾಡಿ ತೋರಿಸಿದರು. ಈ ಜಿ.ಡಿ. ನಾಯ್ಡು ಹುಟ್ಟಿದ್ದು ಹತ್ತಿರದ ಕಲಂಗಲ್ ಎಂಬ ಹಳ್ಳಿಯ ರೈತ ಮನೆಯಲ್ಲಿ. 1920ರಲ್ಲಿ ಪಳನಿ–ಪೊಳ್ಳಾಚಿ ನಡುವೆ ಬಸ್ಸು ಓಡಿಸುವುದರಿಂದ ಶುರುಮಾಡಿದವರು.

ನನಗೆ ಇನ್ನೂ ಹಿಡಿಸಿದ್ದು ಪೀಳಮೇಡಿನ ಪಿ.ಎಸ್.ಜಿ. ಮನೆತನದ ಕತೆ. ಅಣ್ಣತಮ್ಮಂದಿರು ನಾಲ್ಕು ಜನ. ಆಸ್ತಿ ಪಾಲಾದಾಗ ಐದು ಪಾಲು ಮಾಡಿದರು, ಐದನೆಯದು ಧರ್ಮಕ್ಕೆ. 1926ರಲ್ಲಿ ಆ ದುಡ್ಡಿನಿಂದ ಟ್ರಸ್ಟ್ ಮಾಡಿ, ಯಂತ್ರದ ಕೆಲಸ ಕಲಿಸುವ ಸಂಸ್ಥೆ ಕಟ್ಟಿದರು. ನಮ್ಮ ಕಡೆಯ ಶ್ರೀಮಂತ ಮನೆಗಳೂ ಧರ್ಮಕ್ಕೆ ಕೊಟ್ಟಿವೆ. ಛತ್ರ ಕಟ್ಟಿಸಿದ್ದಾರೆ, ಹಾಸ್ಟೆಲ್ ಕಟ್ಟಿಸಿದ್ದಾರೆ, ಅದರಿಂದ ಎಷ್ಟೋ ಬಡ ಮಕ್ಕಳು ಓದಿದ್ದಾರೆ. ಆದರೆ ಲೇತ್ ಮೇಲೆ ಕೈಕೆಲಸ ಕಲಿಸುವುದನ್ನು ಧರ್ಮ ಅಂತ ತಿಳಿದದ್ದು ಮಾತ್ರ ಇಲ್ಲಿ ಜಾಸ್ತಿ.

ಊರಿನ ದಿನಚರಿ ಬದಲಾಯಿತು. ಹಳ್ಳಿಯಲ್ಲೇ ಮಲಗಿ ಬೆಳಿಗ್ಗೆ ಗಿರಣಿಗೆ ನಡೆದು ಬರುವ ಜನ. ಹೊತ್ತು ಹೇಳುತ್ತಿದ್ದ ಸೂರ್ಯನ ಜಾಗಕ್ಕೆ ಗಿರಣಿಯ ಸಂಗು ಬಂತು, ಸೈರನ್ನಿಗೆ ಇಲ್ಲಿ ಹಾಗೇ ಅನ್ನುತ್ತಾರೆ. ಸಾಮಿಕಣ್ಣು ವಿನ್ಸೆಂಟ್ ಅವರು 1914ರಲ್ಲೇ ತೆರೆದ ವೆರೈಟಿ ಹಾಲ್‌ನಲ್ಲಿ ಸಿನಿಮಾ. ಸಿರುವಾಣಿಯ ಸಿಹಿನೀರು ಆ ಕಾಲದಲ್ಲೇ ನಲ್ಲಿಗೆ ಬಂತು. ಪ್ಲೇಗು ಬಂದು ಹೋದ ನೆನಪಿಗೆ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಲ್ಲಿ ಈಗಲೂ ಇವೆ, ಬೆಂಗಳೂರಿನ ಪ್ಲೇಗಮ್ಮನ ತಂಗಿಯರು.

ಕಷ್ಟವೂ ಇತ್ತು. 1934ರ ಕಾರ್ಖಾನೆ ಕಾನೂನು ಬಂದ ಮೇಲೂ ದಿನಕ್ಕೆ ಹತ್ತು ಗಂಟೆ ದುಡಿತ. ಲಡಿ ಸುತ್ತುವ ರೀಲಿಂಗ್ ವಿಭಾಗದಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಕೂಲಿ ಕಡಿಮೆ. 1937–38ರ ಸುಮಾರಿಗೆ ಮುಷ್ಕರಗಳು ಜೋರಾದವು, ಎನ್.ಜಿ. ರಾಮಸ್ವಾಮಿಯಂಥ ಮುಖಂಡರು ಎದ್ದು ನಿಂತರು, ಸರ್ಕಾರ ವಿಚಾರಣೆ ನಡೆಸಬೇಕಾಯಿತು. ರೈತ ಮಾಲೀಕನಾದ ಅಂತ ಕೂಲಿಯವನ ಹೊಟ್ಟೆ ತಾನಾಗಿ ತುಂಬಲಿಲ್ಲ. ಇದನ್ನು ಬಿಟ್ಟು ಕೊಯಮತ್ತೂರನ್ನು ಹೊಗಳುವವರು ಅರ್ಧ ಮಾತ್ರ ಹೇಳುತ್ತಾರೆ.

ಇನ್ನೊಂದು ಗುಂಪಿನ ಕತೆಯನ್ನಂತೂ ಯಾರೂ ಹೇಳುವುದಿಲ್ಲ. ಕಪಿಲೆಯ ಆ ತೊಗಲಿನ ಚೀಲ ಹೊಲಿದು, ಹರಿದರೆ ತೇಪೆ ಹಾಕಿ, ಅದೇ ಹೊಲದಲ್ಲಿ ವರ್ಷದ ಜೀತದ ಹಾಗೆ ದುಡಿಯುತ್ತಿದ್ದವರು ಅರುಂಧತಿಯರ್ ಜನ. ಅವರಲ್ಲಿ ತೆಲುಗು ಮಾತಾಡುವವರು ಇದ್ದಾರೆ, ಕನ್ನಡ ಮಾತಾಡುವವರೂ ಇದ್ದಾರೆ. ಮೋಟಾರು ಬಂದಂತೆ ಚೀಲ ಬೇಡವಾಯಿತು. ಭೂಮಿ ಇದ್ದವನಿಗೆ ಪಂಪು ಬಿಡುಗಡೆ ಕೊಟ್ಟಿತು. ಚೀಲ ಹೊಲಿಯುತ್ತಿದ್ದವನ ಕೈಕೆಲಸ ಹೋಯಿತು, ಬದಲಿಗೆ ಗಿರಣಿಯಲ್ಲಿ ಷೇರು ಸಿಗಲಿಲ್ಲ. ಸರ್ಕಾರವೇ ಕಾರ್ಖಾನೆ ಕಟ್ಟುವ ನಮ್ಮ ದಾರಿಯಲ್ಲಿ ಒಂದು ಒಳ್ಳೆಯದಿತ್ತು. ಮೈಸೂರಿನಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅನ್ನುವ ಕೂಗು ಎದ್ದು, 1919ರ ಮಿಲ್ಲರ್ ಸಮಿತಿ ವರದಿಯೂ ಬಂತು. ಸರ್ಕಾರದ ಬಾಗಿಲು ತಟ್ಟಿ ನನ್ನ ಪಾಲೆಲ್ಲಿ ಅಂತ ಕೇಳಬಹುದು. ಖಾಸಗಿ ಮಾಲೀಕನ ಬಾಗಿಲಲ್ಲಿ ಹಾಗೆ ಕೇಳುವುದು ಕಷ್ಟ.

ಕನ್ನಡದವರಿಗೆ ಈ ಊರು ಪರಸ್ಥಳವೇನಲ್ಲ. ದೇವಾಂಗದವರು ತಲೆತಲಾಂತರದಿಂದ ಇಲ್ಲಿ ನೇಯುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕುಲದೇವತೆ ಚೌಡೇಶ್ವರಿ. ಇಲ್ಲಿನ ಗಿರಣಿಗಳು ಹೆಚ್ಚಾಗಿ ನೂಲು ತೆಗೆಯುತ್ತಿದ್ದವು, ಆ ನೂಲು ಹೋಗುತ್ತಿದ್ದದ್ದು ಕೈಮಗ್ಗಕ್ಕೆ. ಕನ್ನಡ ಮಾತಾಡುವ ಒಕ್ಕಲಿಗರೂ ಸುತ್ತಲ ಹಳ್ಳಿಗಳಲ್ಲಿದ್ದಾರೆ. ಇನ್ನು ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಜಿಲ್ಲಾ ಕಚೇರಿಯ ಕೆಲಸ ಅಂದರೆ ಕೊಳ್ಳೇಗಾಲದವರು ದಿಂಬಂ ಘಟ್ಟ ಇಳಿದು ಇಲ್ಲಿಗೇ ಬರಬೇಕಿತ್ತು.

ಮಂಡ್ಯದವನಾಗಿ ನಾನು ಮರೆಯಬಾರದ ಒಂದು ಋಣ ಇದೆ. 1912ರಲ್ಲಿ ಇಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಶುರುವಾಯಿತು. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸೇರಿ, ರಸಭರಿತ ಕಬ್ಬನ್ನು ಕಾಡಿನ ಹುಲ್ಲುಗಬ್ಬಿಗೆ ಕೂಡಿಸಿ ಕೋ 205 ತಳಿ ತೆಗೆದರು. 1918ರಲ್ಲಿ ಅದು ಉತ್ತರ ಭಾರತದ ರೈತನ ಕೈಗೆ ಹೋಯಿತು. 1930ರ ದಶಕದಲ್ಲಿ ಬಂದ ಕೋ 419 ನಮ್ಮ ನಾಲೆ ಬಯಲಿನಲ್ಲಿ ದಶಕಗಟ್ಟಲೆ ಮೆರೆಯಿತು. ಆ ಕೋ ಅಂದರೆ ಕೊಯಮತ್ತೂರೇ. ಸಂಶೋಧನೆ ಮಾಡಿದ್ದು ಸರ್ಕಾರ, ಪೈಕಾರಾ ಕಟ್ಟಿದ್ದೂ ಸರ್ಕಾರ. ಹಾಗಾಗಿ ಸರ್ಕಾರ ಬೇಡ ಅನ್ನುವುದು ನನ್ನ ವಾದ ಅಲ್ಲ. ಕರೆಂಟ್, ವಿದ್ಯೆ, ಬೀಜ ಸರ್ಕಾರ ಕೊಡಲಿ. ಯಂತ್ರ ಮಾಡುವ ಕೆಲಸ ಅದನ್ನು ಬಳಸುವವನ ಪಕ್ಕದಲ್ಲೇ ಬೆಳೆಯಬೇಕು.

ಅದು ಕನ್ನಡ ನಾಡಿನವರ ಕೈಲಾಗದು ಅನ್ನುವವರಿಗೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನು ತೋರಿಸುತ್ತೇನೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ರೈತರಿಗೆ ಕಬ್ಬಿಣದ ನೇಗಿಲು ಮಾಡಹೊರಟರು. ಊರಿನ ಪುರಸಭೆ ಜಾಗ ಖಾಲಿ ಮಾಡಿ ಅಂದಿತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು, ಕಾರ್ಖಾನೆ 1910ರಲ್ಲಿ ಅಲ್ಲಿಗೆ ಹೋಯಿತು, ಬೆಳಗಾವಿಗೆ ಬರಬೇಕಿದ್ದ ಹೆಸರು ಕಿರ್ಲೋಸ್ಕರವಾಡಿಗೆ ಹೋಯಿತು.

ಮಂಡ್ಯದಲ್ಲಿ ಇಂಥ ಬೇರು ಇಲ್ಲವೇ ಇಲ್ಲ ಅಂತಲೂ ಅಲ್ಲ. ಆಲೆಮನೆ ಇದೆಯಲ್ಲ! ರೈತನೇ ನಡೆಸುವ, ರೈತನೇ ಬೆಲೆ ನೋಡಿಕೊಂಡು ಬೆಲ್ಲ ಮಾಡುವ ಕೈಗಾರಿಕೆ ಅದು. ಸಕ್ಕರೆ ಕಾರ್ಖಾನೆಗೆ ಸಿಕ್ಕ ಗೌರವ, ಸಾಲ, ಎಂಜಿನಿಯರುಗಳ ಗಮನ ಅದಕ್ಕೆ ಸಿಗಲೇ ಇಲ್ಲ. ಕಬ್ಬು ಅರೆಯುವ ಗಾಣ, ಕಮ್ಮಿ ಸೌದೆ ತಿನ್ನುವ ಒಲೆ, ತಳ ಹಿಡಿಯದ ಕೊಪ್ಪರಿಗೆ, ಇವುಗಳನ್ನು ಮಂಡ್ಯದ ವರ್ಕ್‌ಶಾಪುಗಳಲ್ಲೇ ಮಾಡುವ ಹಾಗಾಗಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಒಂದು ಹಂಗಾಮು ಆಲೆಮನೆಯಲ್ಲಿ ಕೂತು, ಯಾವ ಭಾಗ ಎಷ್ಟು ಸಲ ಕೆಡುತ್ತದೆ ಅಂತ ಬರೆದುಕೊಳ್ಳಲಿ. ಅದಕ್ಕೆ ಬೇಕಾದ ಲೇತ್, ಫೌಂಡ್ರಿ ಹಾಕಲು ದುಡ್ಡಿರುವ ಮನೆಗಳು ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ ಬೇಕಾದಷ್ಟಿವೆ.