ಮಳೆ ಅಂದ ತಕ್ಷಣ ಮಳೆ ತೋರಿಸಬೇಡಿ

ಕವಿತೆ ಇಟ್ಟುಕೊಂಡು ಮಾಡಿದ ಕಿರುಚಿತ್ರಗಳನ್ನು ನಾನು ಹುಡುಕಿ ಹುಡುಕಿ ನೋಡುತ್ತೇನೆ. ಎರಡು ನಿಮಿಷದ್ದು, ಐದು ನಿಮಿಷದ್ದು, ಅಪರೂಪಕ್ಕೆ ಇಪ್ಪತ್ತು ನಿಮಿಷದ್ದು. ಇಷ್ಟಪಟ್ಟು ನೋಡುವುದರಿಂದಲೇ ಏನೋ, ಸಿಟ್ಟೂ ಜಾಸ್ತಿ ಬರುತ್ತದೆ. ಬಹಳಷ್ಟು ಚಿತ್ರಗಳು ಒಂದೇ ತರ. ಹಿಂದೆ ಪಿಯಾನೊ. ಅದರ ಮೇಲೊಂದು ಗಂಭೀರ ದನಿ, ಸಾಲು ಮುಗಿದಾಗಲೆಲ್ಲ ಒಂದು ನಿಟ್ಟುಸಿರು. ಕವಿತೆಯಲ್ಲಿ ಮಳೆ ಬಂದರೆ ತೆರೆಯ ಮೇಲೂ ಮಳೆ. ಹಕ್ಕಿ ಬಂದರೆ ಹಕ್ಕಿ. ಒಂಟಿತನ ಬಂದರೆ ಕಿಟಕಿ ಪಕ್ಕ ಕೂತ ಹುಡುಗಿ, ಅದೂ ಸ್ಲೋ ಮೋಷನ್‌ನಲ್ಲಿ. ನೆನಪು ಅನ್ನುವ ಮಾತು ಬಂದರೆ ಸಾಕು, ಡ್ರೋನ್ ಮೇಲಕ್ಕೆ ಏರುತ್ತದೆ. ಯಾಕೆ ಏರುತ್ತದೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಕವಿತೆ ಕೇಳುವಾಗ ನಮ್ಮೊಳಗೆ ನಮ್ಮದೇ ಒಂದು ಮಳೆ ಶುರುವಾಗಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮಳೆ. ತೆರೆಯ ಮೇಲೆ ಕ್ಯಾಮೆರಾದ ಮಳೆ ಬಂದ ಕೂಡಲೇ ನಮ್ಮದು ನಿಂತುಹೋಗುತ್ತದೆ. ಕೇಳಿದ್ದನ್ನೇ ನೋಡಿದೆವು, ಅಷ್ಟೇ. ಕವಿತೆಗೂ ಏನೂ ಸಿಗಲಿಲ್ಲ, ಸಿನಿಮಾಕ್ಕೂ ಸಿಗಲಿಲ್ಲ. ಮಾತು ಹೇಳಿದ್ದನ್ನು ಚಿತ್ರ ಮತ್ತೆ ಹೇಳಬಾರದು ಅನ್ನುವುದು ನನ್ನ ಹಟ. ಅದಕ್ಕಾಗಿ ಕವಿ ಸಾಲು ಕಳೆದುಕೊಳ್ಳಬೇಕು, ನಿರ್ದೇಶಕ ಶಾಟ್ ಕಳೆದುಕೊಳ್ಳಬೇಕು. ಕವಿತೆಯ ಒಂದಕ್ಷರವನ್ನೂ ಮುಟ್ಟಬೇಡಿ ಅನ್ನುವ ಕವಿಗಳು ಪುಸ್ತಕ ಮಾಡುವುದೇ ವಾಸಿ.

ಈ ಕೊಡುಕೊಳ್ಳುವಿಕೆ ಹೇಗಿರುತ್ತದೆ ಅಂತ ನೋಡಬೇಕಾದರೆ 1936ರ ‘ನೈಟ್ ಮೇಲ್’ ನೋಡಿ. ಆಗ ಬ್ರಿಟಿಷ್ ಅಂಚೆ ಇಲಾಖೆಗೇ ತನ್ನದೊಂದು ಫಿಲ್ಮ್ ವಿಭಾಗ ಇತ್ತು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರಾತ್ರಿಯಿಡೀ ಕಾಗದ ಹೊತ್ತು ಓಡುವ ರೈಲಿನ ಬಗ್ಗೆ ಹ್ಯಾರಿ ವಾಟ್ ಮತ್ತು ಬೇಸಿಲ್ ರೈಟ್ ಮಾಡಿದ ಚಿತ್ರ. ಕವಿತೆ ಡಬ್ಲ್ಯು. ಎಚ್. ಆಡೆನ್ ಅವರದು, ಸಂಗೀತ ಬೆಂಜಮಿನ್ ಬ್ರಿಟೆನ್ ಅವರದು. ಇಷ್ಟು ದೊಡ್ಡ ಕವಿ ಸಿಕ್ಕರೆ ನಮ್ಮಲ್ಲಿ ಯಾರೇ ಆದರೂ ಮೊದಲ ಶಾಟ್‌ನಿಂದಲೇ ಕವಿತೆ ಶುರುಮಾಡಿಬಿಡುತ್ತಿದ್ದರು ಅಲ್ವಾ? ಅವರು ಹಾಗೆ ಮಾಡಲಿಲ್ಲ. ಇಪ್ಪತ್ತು ನಿಮಿಷ ಬರೀ ಕೆಲಸ. ಕಾಗದ ವಿಂಗಡಿಸುವವರು, ಓಡುವ ರೈಲಿನ ಬಲೆಗೆ ಬಂದು ಬೀಳುವ ಅಂಚೆ ಚೀಲಗಳು, ಸಿಗ್ನಲ್, ಹೊಗೆ. ಕವಿತೆ ಬರುವುದು ಕಟ್ಟಕಡೆಗೆ, ಸುಮಾರು ಮೂರು ನಿಮಿಷ. ಅಷ್ಟು ಹೊತ್ತಿಗೆ ಚಕ್ರದ ಲಯ ನಮ್ಮ ಕಿವಿಯಲ್ಲಿ ಕೂತಿರುತ್ತದೆ. ಆ ಲಯದ ಮೇಲೆಯೇ ಸಾಲುಗಳು ಓಡುತ್ತವೆ.

ಆಡೆನ್ ಆ ಸಾಲುಗಳನ್ನು ಬರೆದದ್ದೇ ಚಿತ್ರದ ಅಳತೆಗೆ. ಕೂರದ ಸಾಲುಗಳನ್ನು ಕಿತ್ತುಹಾಕಿದರು. ಅವುಗಳಲ್ಲಿ ಒಂದರ ಕತೆ ನನಗೆ ಬಹಳ ಇಷ್ಟ. ದಾರಿಯಲ್ಲಿ ಸಿಗುವ ಗುಡ್ಡಗಳನ್ನು ಆಡೆನ್ ಕೊಂದು ರಾಶಿ ಹಾಕಿದ ಕುದುರೆಗಳಿಗೆ ಹೋಲಿಸಿದ್ದರು. ಆ ಸಾಲು ಹೋಯಿತು. ಕೆಟ್ಟದಾಗಿತ್ತು ಅಂತಲ್ಲ. ಅಷ್ಟು ಗಟ್ಟಿಯಾದ ಸಾಲಿನ ಎದುರು ನಿಲ್ಲುವ ಶಾಟ್ ನಮ್ಮ ಹತ್ತಿರ ಇಲ್ಲ ಅಂತ ವಾಟ್ ಅವರಿಗೆ ಅನ್ನಿಸಿತ್ತು. ನೋಡಿ, ಹಾಳೆಯ ಮೇಲಿದ್ದರೆ ಜನ ನೆನಪಿಟ್ಟುಕೊಳ್ಳುವ ಸಾಲು ಅದು. ತೆರೆಯ ಮೇಲೆ ಅದೇ ತೊಡಕಾಯಿತು. ಆ ಸಾಲು ಕೇಳಿದವರ ಕಣ್ಣ ಮುಂದೆ ಕುದುರೆಗಳು ಬಂದು ಬಿದ್ದಿರುತ್ತವೆ, ಆಮೇಲೆ ಎದುರಿಗೆ ಓಡುವ ರೈಲನ್ನು ಯಾರು ನೋಡುತ್ತಾರೆ?

ಇದಕ್ಕಿಂತ ಮುಂಚೆಯೂ ಪ್ರಯತ್ನಗಳಾಗಿದ್ದವು. 1921ರಲ್ಲಿ ಚಾರ್ಲ್ಸ್ ಶೀಲರ್ ಮತ್ತು ಪಾಲ್ ಸ್ಟ್ರ್ಯಾಂಡ್ ನ್ಯೂಯಾರ್ಕ್ ನಗರದ ಬಗ್ಗೆ ‘ಮ್ಯಾನ್‌ಹಟ್ಟಾ’ ಮಾಡಿದರು. ಅದು ಮೂಕಿ ಚಿತ್ರಗಳ ಕಾಲ. ಹಾಗಾಗಿ ಕವಿ ವಾಲ್ಟ್ ವಿಟ್ಮನ್ ಅವರ ಸಾಲುಗಳು ನಡುನಡುವೆ ಬರಹದ ಫಲಕಗಳಾಗಿ ಬರುತ್ತವೆ. ಸಾಲು ಬಂದಾಗ ಊರಿನ ಓಡಾಟ ಕಾಣುವುದಿಲ್ಲ, ಓಡಾಟ ಕಂಡಾಗ ಸಾಲು ಇರುವುದಿಲ್ಲ. ಜಗಳವೇ ಇಲ್ಲ. ಧ್ವನಿ ಬಂದ ಮೇಲೆ ನಮಗೆ ಎರಡನ್ನೂ ಒಟ್ಟಿಗೆ ತುಂಬುವ ಸೌಕರ್ಯ ಸಿಕ್ಕಿತು, ತುಂಬುತ್ತಲೇ ಇದ್ದೇವೆ.

ಕವಿತೆಗೂ ಸಿನಿಮಾಕ್ಕೂ ಏನು ಸಂಬಂಧ ಅಂತ 1953ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಚರ್ಚೆ ನಡೆಯಿತು. ನಿರ್ದೇಶಕಿ ಮಾಯಾ ಡೆರೆನ್ ಇದ್ದರು. ಕವಿ ಡಿಲನ್ ಥಾಮಸ್, ನಾಟಕಕಾರ ಆರ್ಥರ್ ಮಿಲ್ಲರ್ ಕೂಡ ಇದ್ದರು. ಕತೆ ಅಡ್ಡಡ್ಡ ಸಾಗುತ್ತದೆ, ಒಂದು ಘಟನೆಯಿಂದ ಇನ್ನೊಂದಕ್ಕೆ. ಕವಿತೆ ಉದ್ದುದ್ದ ಇಳಿಯುತ್ತದೆ, ಒಂದೇ ಗಳಿಗೆಯ ಆಳಕ್ಕೆ. ಡೆರೆನ್ ಹೇಳಿದ್ದು ಸ್ಥೂಲವಾಗಿ ಇದು. ಥಾಮಸ್ ಇದನ್ನು ಹಿಡಿದುಕೊಂಡು ತಮಾಷೆ ಮಾಡಿದರು, ಸಭೆ ನಕ್ಕಿತು. ನನಗೆ ಥಾಮಸ್ ಕವಿತೆಗಳು ಇಷ್ಟ, ಆದರೆ ಅವತ್ತಿನ ಮಟ್ಟಿಗೆ ನಾನು ಡೆರೆನ್ ಪಕ್ಷ. ಚಿತ್ರದ ಕೆಲಸ ಕವಿತೆಯ ಕತೆ ಹೇಳುವುದಲ್ಲ. ಕವಿತೆ ನಿಂತ ಜಾಗದಲ್ಲೇ ತಾನೂ ನಿಂತು ಇನ್ನೊಂದಿಷ್ಟು ಕೆಳಗೆ ಇಳಿಯುವುದು.

ಈ ಮಾತನ್ನು ನೂರಕ್ಕೆ ನೂರು ನಡೆಸಿ ತೋರಿಸಿದವರು ಇರಾನಿನ ಕವಿ ಫರೂಗ್ ಫರೋಖ್‌ಜಾದ್. 1962ರಲ್ಲಿ, ಇನ್ನೂ ಮೂವತ್ತು ದಾಟದ ವಯಸ್ಸಿನಲ್ಲಿ, ತಬ್ರೀಜ್ ಹತ್ತಿರದ ಕುಷ್ಠರೋಗಿಗಳ ವಸತಿಗೆ ಹೋಗಿ ಅವರು ಮಾಡಿದ ಚಿತ್ರ ‘ಮನೆ ಕಪ್ಪಾಗಿದೆ’. ಇಪ್ಪತ್ತು ನಿಮಿಷ ಚಿಲ್ಲರೆ. ಅದರಲ್ಲಿ ಎರಡು ದನಿಗಳಿವೆ. ಒಂದು ಗಂಡಸಿನದು. ಈ ಕಾಯಿಲೆ ಏನು, ಬಡತನ ಇರುವಲ್ಲಿ ಯಾಕೆ ಜಾಸ್ತಿ, ಚಿಕಿತ್ಸೆ ಉಂಟು, ವಾಸಿಯಾಗುತ್ತದೆ ಅಂತ ಡಾಕ್ಟರ ತರ ಹೇಳುತ್ತದೆ. ಇನ್ನೊಂದು ಫರೂಗ್ ಅವರದೇ ದನಿ. ಬೈಬಲಿನ ಹಳೆಯ ಒಡಂಬಡಿಕೆಯ ಮಾತುಗಳು, ತಮ್ಮದೇ ಸಾಲುಗಳು ಅದರಲ್ಲಿ ಬೆರೆತು ಬರುತ್ತವೆ. ತೆರೆಯ ಮೇಲಿನ ಮುಖಗಳನ್ನು ಆ ದನಿ ಒಂದು ಸಲವೂ ವರ್ಣಿಸುವುದಿಲ್ಲ. ಅಯ್ಯೋ ಪಾಪ ಅನ್ನುವುದಿಲ್ಲ. ಮುಖಗಳು ಅವುಗಳ ಪಾಡಿಗೆ ನಮ್ಮನ್ನು ನೋಡುತ್ತಿರುತ್ತವೆ.

ಒಂದು ಕಡೆ ಒಬ್ಬ ಮನುಷ್ಯ ಗೋಡೆಯ ಉದ್ದಕ್ಕೂ ನಡೆಯುತ್ತಾನೆ. ಹೋಗುತ್ತಾನೆ, ತಿರುಗುತ್ತಾನೆ, ಬರುತ್ತಾನೆ. ಫರೂಗ್ ದನಿ ಹೇಳುವುದು ವಾರದ ದಿನಗಳ ಹೆಸರು, ಬೇರೇನೂ ಇಲ್ಲ. ಶನಿವಾರ, ಭಾನುವಾರ, ಸೋಮವಾರ. ಒಂದು ಉಪಮೆ ಇಲ್ಲ, ಒಂದು ವಿಶೇಷಣ ಇಲ್ಲ. ಕ್ಯಾಲೆಂಡರಿನಲ್ಲಿ ಇರುವ ಹೆಸರುಗಳು. ಆದರೂ ಅದು ಕವಿತೆ, ಯಾಕೆಂದರೆ ಆ ನಡಿಗೆ ಇದೆ. ದನಿ ಒಂದನ್ನೇ ಕೇಳಿದರೆ ಮಕ್ಕಳ ಪಾಠ. ನಡಿಗೆ ಒಂದನ್ನೇ ನೋಡಿದರೆ ಹೊತ್ತು ಹೋಗದವನೊಬ್ಬ. ಎರಡೂ ಸೇರಿದಾಗ ಆ ಮನುಷ್ಯ ಅಲ್ಲಿ ಎಷ್ಟು ಕಾಲದಿಂದ ಇದ್ದಾನೆ ಅನ್ನುವುದು ಮೈಗೆ ಬಂದು ತಟ್ಟುತ್ತದೆ. ಆ ಕಾಲವನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಅದೇ ಚಿತ್ರದ ಕೊನೆಯಲ್ಲಿ ಒಂದು ತರಗತಿ ಬರುತ್ತದೆ. ಚಂದದ ವಸ್ತುಗಳ ಹೆಸರು ಹೇಳು ಅಂದರೆ ಒಬ್ಬ ಹುಡುಗ ಚಂದ್ರ, ಸೂರ್ಯ, ಹೂವು, ಆಟ ಅನ್ನುತ್ತಾನೆ. ಚಂದವಿಲ್ಲದ್ದು ಯಾವುದು ಅಂದರೆ ಇನ್ನೊಬ್ಬ ಕೈ, ಕಾಲು, ತಲೆ ಅನ್ನುತ್ತಾನೆ. ಇಲ್ಲಿ ಫರೂಗ್ ಸುಮ್ಮನಿದ್ದಾರೆ. ಹುಡುಗನ ಮಾತಿನ ಮೇಲೆ ತನ್ನದೊಂದು ಸಾಲು ಹಾಕುವ ಆಸೆ ಯಾವ ಕವಿಗಾದರೂ ಆಗುತ್ತಿತ್ತು. ಹಾಕಲಿಲ್ಲ ನೋಡಿ, ಅಲ್ಲಿ ಅವರು ದೊಡ್ಡ ನಿರ್ದೇಶಕಿ. ಅವರ ನಿರ್ದೇಶನದಲ್ಲಿ ಬಂದದ್ದು ಅದೊಂದೇ ಚಿತ್ರ. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಇನ್ನು ರೀಲ್ಸ್ ಬಗ್ಗೆ. ರೀಲ್ಸ್ ಬಂದು ಕವಿತೆ ಹಾಳಾಯಿತು ಅನ್ನುವವರ ಸಾಲಿನಲ್ಲಿ ನಾನಿಲ್ಲ. ಮುಕ್ಕಾಲು ನಿಮಿಷದಲ್ಲಿ ಒಳ್ಳೆಯ ಕವಿತೆ ಹಿಡಿಸುತ್ತದೆ. ನನ್ನ ತಕರಾರು ಬೇರೆ. ಬಹಳ ಜನ ಸೌಂಡ್ ಆಫ್ ಮಾಡಿಕೊಂಡು ನೋಡುತ್ತಾರೆ ಅಂತ ಇಡೀ ಕವಿತೆಯನ್ನು ತೆರೆಯ ಮೇಲೆ ಬರೆಯುತ್ತಾರೆ. ಜೊತೆಗೆ ದನಿಯಲ್ಲೂ ಓದುತ್ತಾರೆ. ಅಕ್ಷರ ಕಂಡರೆ ಕಣ್ಣು ಮೊದಲು ಅದನ್ನೇ ಓದುತ್ತದೆ, ತಡೆಯಲು ಆಗುವುದಿಲ್ಲ. ದನಿ ಸಾಲಿನ ಅರ್ಧದಲ್ಲಿ ಇರುವಾಗಲೇ ನಾವು ಓದಿ ಮುಗಿಸಿ ಕಾಯುತ್ತಿರುತ್ತೇವೆ. ಹಿಂದೆ ಇರುವ ಚಿತ್ರವನ್ನು ಯಾರೂ ನೋಡಿರುವುದಿಲ್ಲ. ಅಕ್ಷರ ಬೇಕೇ ಬೇಕು ಅಂದರೆ ದನಿ ಬಿಡಿ. ಇಲ್ಲವೇ ಒಂದೇ ಒಂದು ಪದ ಬರೆಯಿರಿ, ಉಳಿದದ್ದು ಓದಿ. ಕೇಳಿಸದವರಿಗೆ ಬೇಕಾದ ಸಬ್‌ಟೈಟಲ್ ಮಾತು ಬೇರೆ. ಅದು ಇರಲೇಬೇಕು, ಬೇಕಾದವರು ಆನ್ ಮಾಡಿಕೊಳ್ಳುವ ಹಾಗೆ.

ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಅದನ್ನು ತೆಗೆದು ಒಂದು ಸಲ ನೋಡಿ. ಹತ್ತರಲ್ಲಿ ಎಂಟು ಸಲ ಮತ್ತೆ ಹಾಕಬೇಕು ಅನ್ನಿಸುವುದಿಲ್ಲ.

ಬರ್ಲಿನ್‌ನಲ್ಲಿ 2002ರಲ್ಲಿ ‘ಝೀಬ್ರಾ’ ಅಂತ ಕವಿತೆ-ಚಿತ್ರಗಳಿಗೇ ಮೀಸಲಾದ ಉತ್ಸವ ಶುರುವಾಯಿತು. ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಒಂದೇ ಕವಿತೆಯನ್ನು ಆರಿಸಿ, ಇದಕ್ಕೆ ಚಿತ್ರ ಮಾಡಿ ಅಂತ ಎಲ್ಲರನ್ನೂ ಕರೆಯುತ್ತಾರೆ. ಕವಿತೆ ಒಂದೇ ಆದಾಗ, ಯಾರು ಸಾಲನ್ನು ಹಿಂಬಾಲಿಸಿದರು, ಯಾರು ಅದರ ಪಕ್ಕ ಬೇರೆ ದಾರಿ ಹಿಡಿದರು ಅನ್ನುವುದು ಎರಡನೇ ಚಿತ್ರ ಮುಗಿಯುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಕಿರುಚಿತ್ರ ಮಾಡುವ ಗೆಳೆಯರು ಸುಮ್ನೆ ಒಂದು ಭಾನುವಾರ ಹೀಗೆ ಮಾಡಿ ನೋಡಬಹುದು. ಹತ್ತು ಸಾಲಿನ ಒಂದು ಕವಿತೆ, ಮೂರು ಫೋನು, ಮೂವರು. ಒಂದೇ ಷರತ್ತು: ಕವಿತೆಯಲ್ಲಿ ಹೆಸರಿರುವ ಯಾವ ವಸ್ತುವೂ ಫ್ರೇಮಿನಲ್ಲಿ ಬರಬಾರದು.