ಖಜಾನೆಗೆ ತಕ್ಕ ಕಾವಲುಗಾರ

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟ್ ಸದಸ್ಯರಾಗಲು 21 ವರ್ಷ ತುಂಬಿರಬೇಕಿತ್ತು. ಜಮೀನಿಲ್ಲದ ಬಡವರು ಚುನಾವಣೆಗೆ ನಿಲ್ಲುವ ಹಾಗೇ ಇರಲಿಲ್ಲ. ದೊಡ್ಡವರ ಮಕ್ಕಳ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಮತ್ತೆ ಆ ಕಾನೂನು ಯಾರಿಗಾಗಿ ಇತ್ತೋ, ದೇವರೇ ಬಲ್ಲ.

1768ರಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಮಿಡ್‌ಹರ್ಸ್ಟ್ ಕ್ಷೇತ್ರದಿಂದ ಆರಿಸಿ ಬಂದರು. ವಯಸ್ಸು 19. ಪ್ರಚಾರದ ಬಿಸಿಲಲ್ಲಿ ಬೆವರಿದರಾ? ಸುಮ್ನೆ ಇರಿ, ಆಗ ಅವರು ಯುರೋಪ್ ಪ್ರವಾಸದಲ್ಲಿದ್ದರು. ಸೀಟಿನ ವ್ಯವಸ್ಥೆ ಅಪ್ಪ ಹೆನ್ರಿ ಫಾಕ್ಸ್ ನೋಡಿಕೊಂಡರು. ಅಪ್ಪನೂ ಸಾಮಾನ್ಯರಲ್ಲ. ಸೈನ್ಯಕ್ಕೆ ಹಣ ಹಂಚುವ ಹುದ್ದೆಯಲ್ಲಿದ್ದು, ಸರ್ಕಾರದ ದುಡ್ಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಅದರ ಬಡ್ಡಿ ತಿಂದವರು. ತಮಾಷೆಯೆಂದರೆ ಆಗಿನ ಕಾನೂನಿನಲ್ಲಿ ಅದು ತಪ್ಪೇ ಅಲ್ಲ!

ಅಪ್ಪ ಗಳಿಸಿದ್ದನ್ನು ಮಗ ಜೂಜಿನ ಮೇಜಿಗೆ ಸುರಿದ. 1772ರಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚಿನ ಧರ್ಮಸೂತ್ರಗಳ ಬಗ್ಗೆ ಗಂಭೀರ ಚರ್ಚೆಯಿತ್ತು. ಅದಕ್ಕೆ ಫಾಕ್ಸ್ ಮಾಡಿಕೊಂಡ ಸಿದ್ಧತೆಯನ್ನು ಇತಿಹಾಸಕಾರ ಗಿಬ್ಬನ್ ಪತ್ರದಲ್ಲಿ ಬರೆದಿಟ್ಟಿದ್ದಾರೆ: 22 ಗಂಟೆ ದಾಳದಾಟ, ಗಂಟೆಗೆ 500 ಪೌಂಡ್‌ನಂತೆ ಒಟ್ಟು 11,000 ಪೌಂಡ್ ನಷ್ಟ. ಆಮೇಲೆ ಎದ್ದು ಹೋಗಿ ಧರ್ಮದ ಬಗ್ಗೆ ಭಾಷಣ. ಇಂಥ ಉಪವಾಸ ವ್ರತ ಯಾವ ಬಿಷಪ್ಪೂ ಮಾಡಿರಲಿಕ್ಕಿಲ್ಲ.

ಹಣದ ಬಗ್ಗೆ ಇಷ್ಟು ಅನುಭವ ಇರುವವರನ್ನು ಸುಮ್ಮನೆ ಕೂರಿಸಲು ಆಗುತ್ತದೆಯೇ? ಸರ್ಕಾರ ಅವರನ್ನು ಖಜಾನೆ ಮಂಡಳಿಗೇ ನೇಮಿಸಿತು. ಅವರ ಮನೆಯಲ್ಲಿ ಸಾಲ ಕೊಟ್ಟ ಯಹೂದಿ ಲೇವಾದೇವಿಗಾರರು ಕಾದು ಕೂರಲು ಒಂದು ಕೋಣೆಯೇ ಇತ್ತು. ಅದಕ್ಕೆ ಅವರಿಟ್ಟ ಹೆಸರು 'ಜೆರುಸಲೇಂ ಚೇಂಬರ್'. ಮನೆಯಲ್ಲಿ ಸಾಲ ಕೊಟ್ಟವರು, ಖಜಾನೆಯಲ್ಲಿ ದೇಶದ ಲೆಕ್ಕಪತ್ರ. ಅದೇ ಹೊತ್ತಿಗೆ ಅಪ್ಪ ಮಗನ ಸಾಲ ತೀರಿಸಲು ಕೂತರು. ಒಂದು ಲಕ್ಷ ಪೌಂಡಿಗಿಂತ ಜಾಸ್ತಿಯೇ ಆಯಿತು.

ನಿಜ, ಮುಂದೆ ಇದೇ ಫಾಕ್ಸ್ ಗುಲಾಮರ ವ್ಯಾಪಾರದ ವಿರುದ್ಧ ಗಟ್ಟಿಯಾಗಿ ನಿಂತರು. ಮಾತಿನಲ್ಲಿ ಅವರನ್ನು ಮೀರಿಸುವವರು ಕಡಿಮೆ. ಒಪ್ಪೋಣ.

ಆದರೆ 1774ರಲ್ಲಿ ಖಜಾನೆಯಿಂದ ಅವರನ್ನು ಕಿತ್ತುಹಾಕಿದ್ದು ಸಾಲಕ್ಕಾಗಿ ಅಂದುಕೊಂಡಿರಾ? ಛೇ! ಒಬ್ಬ ಪತ್ರಿಕೆ ಮುದ್ರಕನಿಗೆ ಶಿಕ್ಷೆ ಕೊಡುವ ವಿಷಯದಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಮಾತು ಮೀರಿದರು, ಅಷ್ಟೇ. ಆಮೇಲೆ ವರ್ಷಗಟ್ಟಲೆ ನಾರ್ತ್‌ಗೆ ಸಭೆಯಲ್ಲಿ ಬೈದಿದ್ದೇ ಬೈದಿದ್ದು. 1783ರಲ್ಲಿ ಅದೇ ನಾರ್ತ್ ಜೊತೆ ಕೈಜೋಡಿಸಿ ಸರ್ಕಾರ ರಚಿಸಿದರು. ಆಗ ಫಾಕ್ಸ್‌ಗೆ ಸಿಕ್ಕಿದ್ದು ವಿದೇಶಾಂಗ ಖಾತೆ. ಖಜಾನೆ ಉಳಿಯಿತು.